ಸೆಲ್ಲು ಹಾಕಿ ಕೇಳಿದ ಹಾಡು

೪ ಮಾರ್ಚ್ ೧೯೭೯, ರವಿವಾರ. ವಾಡಿ

ಭೀಮಶ್ಯಾ ಇವತ್ತೂ ಒಪ್ಪಲಿಲ್ಲ. ಒಪ್ಪುವ ಜಾಯಮಾನವೇ ಅಲ್ಲ ಅದು. ಸಂಜೆ ಎರಡು ತಾಸು ಗಂಟಲು ಹರಿದುಕೊಂಡು ಹೇಳಿದೆ, ಕೊನೆಗೆ ಅವನು ಚಪ್ಪಲಿ ಮೆಟ್ಟಿಕೊಳ್ಳುತ್ತ ಅಂದದ್ದು ಇಷ್ಟು: "ರಾಯಾ, ನೀ ಏನೇ ಅನ್ನು. ಇದು ಪ್ರೋಗ್ರೆಸಿವ್ ರಾಕ್ ಅಲ್ಲ. ಹಲ್ಲು ಬ್ಯಾನಿ ಹತ್ತಿದ ಮನಷಾ ನರಳಾಕತ್ತಂಗ ಅದ."

ಬರೆದಿಟ್ಟರೆ ತಲೆ ತಣ್ಣಗಾಗುತ್ತದೆಯೋ ನೋಡೋಣ ಎಂದು ಈ ಡೈರಿ ಹಿಡಿದಿದ್ದೇನೆ.

ಹೋದ ವರ್ಷ ರೈಲ್ವೆ ಕಾಲೊನಿಯ ಆಂಗ್ಲೋ ಇಂಡಿಯನ್ ಡ್ರೈವರ್ ಒಬ್ಬ ಮನೆ ಖಾಲಿ ಮಾಡಿ ಆಸ್ಟ್ರೇಲಿಯಾಕ್ಕೆ ಹೋದ. ಅವನ ರೆಕಾರ್ಡ್ ಪ್ಲೇಯರ್ ಪೆಟ್ಟಿಗೆಯನ್ನು ನಾನು ಕೊಂಡೆ, ಅದರೊಳಗಿದ್ದ ಒಂದೇ ಒಂದು ಪ್ಲೇಟನ್ನು ಭೀಮಶ್ಯಾ ಕೊಂಡ. ಹೀಗಾಗಿ ಅವನಿಲ್ಲದೆ ನನ್ನ ಪೆಟ್ಟಿಗೆ ಮೂಕ, ನಾನಿಲ್ಲದೆ ಅವನ ಪ್ಲೇಟು ಮೂಕ. ಪ್ಲೇಟಿನ ಹೆಸರು 'ದಿ ಲ್ಯಾಂಟರ್ನ್ ಕೆನಾಲ್'. ಹೊದಿಕೆಯನ್ನು ಇಲಿ ಅರ್ಧ ತಿಂದಿದೆ. ಹಾಡಿದವನ ಹೆಸರಿಲ್ಲ, ಫೋಟೋ ಇಲ್ಲ. ಸ್ಟೇಷನ್ನಿನ ವೇಟಿಂಗ್ ರೂಮಿನಲ್ಲಿ ಯಾರೋ ಬಿಟ್ಟುಹೋದ ಇಂಗ್ಲಿಷ್ ಪತ್ರಿಕೆಯೊಂದರಲ್ಲಿ ಇದೇ ಪ್ಲೇಟಿನ ಬಗ್ಗೆ ಇತ್ತು: ಇದು ಈ ಕಾಲದ ಕ್ಲಾಸಿಕ್ ಎಂಬುದರಲ್ಲಿ ಸಂಶಯವಿಲ್ಲ, ಆದರೆ ಪ್ರೋಗ್ರೆಸಿವ್ ರಾಕ್ ಹೌದೋ ಅಲ್ಲವೋ ಎಂಬ ವಾದ ಮುಗಿದಿಲ್ಲ. ಹಾಡು ಉದ್ದ ಇರಬೇಕು, ಒಂದೇ ಕಥೆ ಹೇಳಬೇಕು, ತಾಳ ಬದಲಾಗಬೇಕು, ಕುಣಿಯಲಿಕ್ಕೆ ಬರಬಾರದು ಎಂದು ಲಕ್ಷಣಗಳನ್ನೂ ಕೊಟ್ಟಿತ್ತು. ಮುಂದಿನ ಹಾಳೆ ಹರಿದುಹೋಗಿತ್ತು.

ಇನ್ನೇನು ಬೇಕು? ನಮ್ಮ ಪ್ಲೇಟಿನಲ್ಲಿ ನಿಧಾನವಿದೆ, ಗಾಂಭೀರ್ಯವಿದೆ. ಬಾವಿಯೊಳಗಿನಿಂದ ಒಬ್ಬ ಗಂಡಸು ಹಾಡುತ್ತಾನೆ. ಅಂಥದಕ್ಕೆ ಕುಣಿಯಬಲ್ಲವನು ಹುಟ್ಟಿಲ್ಲ.

ಭೀಮಶ್ಯಾ ನಮ್ಮ ಮನೆಯ ಕಟ್ಟೆಯ ಮೇಲೆ ಕೂತಿರುತ್ತಾನೆ, ನಾನು ವೈರನ್ನು ಕಿಟಕಿಯಿಂದ ಹೊರಗೆ ಎಳೆದು ಪೆಟ್ಟಿಗೆಯನ್ನು ಅಲ್ಲೇ ಇಡುತ್ತೇನೆ. ಒಳಗೆ ಧಗೆ. ಒಳಗೆ ಯಾರು ಬರಬಹುದು ಎಂಬುದರಲ್ಲಿ ಅವ್ವನದೂ ಒಂದು ರೀತಿ ಇದೆ. ನಾವಿಬ್ಬರೂ ಸಿಮೆಂಟ್ ಫ್ಯಾಕ್ಟರಿಗೆ ಸೇರಿ ಆರು ವರ್ಷವಾಯಿತು, ಆಗಿನಿಂದ ನಾವು ಕೂರುವುದು ಕಟ್ಟೆಯ ಮೇಲೆಯೇ. ವಾಡಿಯಲ್ಲಿ ಮಾತಾಡಲಿಕ್ಕೆ ನನಗಿರುವವನು ಇವನೊಬ್ಬನೇ, ಅದಕ್ಕೇ ಇವನು ಒಪ್ಪದಿದ್ದರೆ ಇಷ್ಟು ಸಿಟ್ಟು.

೮ ಮಾರ್ಚ್

ಹೆಂಡತಿ ವಿಮಲಾಬಾಯಿ ಸೇಡಂನಿಂದ, ತವರಿನಿಂದ, ಒಂದು ಸಿನಿಮಾ ಹಾಡಿನ ಪ್ಲೇಟು ತಂದಿದ್ದಾಳೆ. ಅದನ್ನು ಪೆಟ್ಟಿಗೆಯ ಮೇಲೆ ಹಾಕಬೇಕಂತೆ. ಆಗುವುದಿಲ್ಲ ಎಂದೆ. ಸಿನಿಮಾ ಹಾಡು ರೇಡಿಯೋದಲ್ಲಿ ದಿನವೂ ಬರುತ್ತದೆ, ಅದಕ್ಕಾಗಿ ಮುಳ್ಳು ಸವೆಸಬಾರದು.

"ಒಂದೇ ಸಲರೀ," ಅಂದಳು.

"ನಿನಗ ತಿಳಿಯಂಗಿಲ್ಲ, ಬಿಡು," ಅಂದೆ.

ಪ್ಲೇಟನ್ನು ಟ್ರಂಕಿನಲ್ಲಿ ಸೀರೆಗಳ ಕೆಳಗೆ ಇಟ್ಟುಬಿಟ್ಟಳು. ಮುಖ ಊದಿಸಿಕೊಂಡೇ ರೊಟ್ಟಿ ಬಡಿದಳು. ಅವಳಿಗೆ ನಿಜಕ್ಕೂ ತಿಳಿಯುವುದಿಲ್ಲ, ನಾನೇನು ಮಾಡಲಿ.

ಸೋಮವಾರದಿಂದ ಮುಷ್ಕರ ಎಂದು ಯೂನಿಯನ್ ನೋಟಿಸು ಕೊಟ್ಟಿದೆ. ಭೀಮಶ್ಯಾ ಕಮಿಟಿಯಲ್ಲಿದ್ದಾನೆ. ಅಧ್ಯಕ್ಷ ಹಾಜಿಮಲಂಗ್, ಕ್ರೇನ್ ನಡೆಸುವವರು. ಕೈ ಎತ್ತಿದವರಲ್ಲಿ ನಾನೂ ಇದ್ದೆ.

೧೨ ಮಾರ್ಚ್, ಸೋಮವಾರ

ಭಟ್ಟಿ ಆರಿತು. ಹೊಗೆ ಇಲ್ಲದ ಚಿಮಣಿಯನ್ನು ನಾನು ಇದೇ ಮೊದಲು ನೋಡಿದ್ದು. ಎಲ್ಲರೂ ಗೇಟಿನ ಮುಂದೆ ಕೂತೆವು.

೧೬ ಮಾರ್ಚ್

ಕಾಶಪ್ಪ ಮಾವ ಬಂದಿದ್ದ. ಅವ್ವನ ತಮ್ಮ, ಎಲೆಕ್ಟ್ರಿಕಲ್ ಫೋರ್‌ಮನ್, ನನ್ನನ್ನು ಎಲೆಕ್ಟ್ರಿಷಿಯನ್ ಕೆಲಸಕ್ಕೆ ಹಚ್ಚಿದವನು. ಚಹಾ ಕುಡಿದು, ಬಾಗಿಲು ಮುಂದೆ ಮಾಡಿ, ದನಿ ತಗ್ಗಿಸಿದ.

"ಹಣಮಂತರಾಯಾ, ಹೊರಗಿನ ಮಂದಿ ತರಸಾಕತ್ತಾರ. ಭಟ್ಟಿಗಿ ಮಂದಿ ಸಿಕ್ಕಾರ, ಗಿರಣಿಗಿ ಸಿಕ್ಕಾರ. ಸಬ್‌ಸ್ಟೇಷನ್ ತಿಳದಾಂವ ಮಾತ್ರ ಇಲ್ಲ. ನೀ ಒಬ್ಬ ಬಂದ್ರ ಸಾಕು."

"ಎಲ್ಲಾರೂ ಗೇಟಿನ್ಯಾಗ ಕುಂತಾರ, ಮಾವ."

"ಗೇಟಿಗಿ ಯಾಕ ಬರ್ತಿ? ರೈಲು ಹಳಿ ಕಡಿಂದ ಬಾ. ಯಾರಿಗಿ ಗೊತ್ತಾಗ್ತದ?"

ಭಟ್ಟಿ ಹತ್ತಿದರೆ ಮುಷ್ಕರ ಮುಗಿದ ಹಾಗೆಯೇ, ಇದು ಅವನಿಗೂ ಗೊತ್ತು, ನನಗೂ ಗೊತ್ತು. ವಿಚಾರ ಮಾಡುತ್ತೇನೆ ಎಂದೆ. ಇಲ್ಲ ಎನ್ನಬೇಕಿತ್ತೇನೋ. ಆದರೆ ಅವ್ವ ಒಳಬಾಗಿಲ ಸಂದಿಯಲ್ಲಿ ನಿಂತು ತಮ್ಮನ ಮಾತಿಗೆಲ್ಲ ತಲೆಯಾಡಿಸುತ್ತಿದ್ದಳು. ವಿಮಲಾಬಾಯಿಗೆ ಈಗ ಐದು ತಿಂಗಳು. ಕಂಪನಿಯವರು ಕ್ವಾರ್ಟರ್ಸು ಬಿಡಿಸಿದರೆ ಎಲ್ಲಿಗೆ ಹೋಗುವುದು? ಹೆದರಿಕೆ ಆಗಿದೆ. ಇದನ್ನು ಇಲ್ಲಲ್ಲದೆ ಬೇರೆ ಎಲ್ಲೂ ಹೇಳಲಾರೆ.

ಸಂಜೆ ಭೀಮಶ್ಯಾ ಬಂದ. ಮಾವ ಹೋಗುವುದನ್ನು ಅವನು ನೋಡಿದ್ದಾನೆ, ಆದರೆ ಕೇಳಲಿಲ್ಲ. ನಾನೂ ಹೇಳಲಿಲ್ಲ. ಇಬ್ಬರೂ ಪ್ಲೇಟಿನ ವಾದಕ್ಕೆ ಬಿದ್ದೆವು. ಇದರಷ್ಟು ಶುದ್ಧ ಪ್ರೋಗ್ರೆಸಿವ್ ಇನ್ನೊಂದಿಲ್ಲ, ನಿನಗೆ ಕಿವಿಯೇ ಇಲ್ಲ ಎಂದೆ. ಅವನ ಮುಖ ಗಂಟಾಯಿತು.

"ಯಾವುದು ಖರೆ, ಯಾವುದು ಖೊಟ್ಟಿ ಅಂತ ಹೇಳಾಂವ ನೀ ಒಬ್ಬನೇ ಏನು? ನಿನ್ನ ಮನಿ, ನಿನ್ನ ಪೆಟ್ಟಿಗಿ, ನಿನ್ನ ಮಾತು. ಸೆಲ್ಲಿನ ಮ್ಯಾಲೆ ನಡೀತದ ಇದು, ಒಂದು ದಿನ ನಮ್ಮ ಮನೀಗಿ ತಗೊಂಡು ಬಾ ಅಂತ ಎಷ್ಟು ಸಲ ಅಂದೀನಿ?"

"ಕರೆಂಟ್ ಇರೂ ಮನ್ಯಾಗ ಸೆಲ್ಲು ಯಾಕ ಸುಡಬೇಕು? ಎಲಿಮಿನೇಟರ್ ಯಾಕ ಮಾಡೀನಿ ನಾ?"

ಸೆಲ್ಲಿನ ಬದಲು ಕರೆಂಟಿನಿಂದ ಪೆಟ್ಟಿಗೆ ನಡೆಸಲಿಕ್ಕೆ, ಗುಜರಿಯಲ್ಲಿ ಸಿಕ್ಕ ಟ್ರಾನ್ಸ್‌ಫಾರ್ಮರ್ ಹಾಕಿ, ಆ ಎಲಿಮಿನೇಟರನ್ನು ನನ್ನ ಕೈಯಾರೆ ಮಾಡಿದ್ದೇನೆ. ಅವನ ಮನೆ ಹಳಿಯ ಆಚೆ, ಬಸ್ತಿಯಲ್ಲಿ. ಅಲ್ಲಿ ಕರೆಂಟಿಲ್ಲ. ಇದರಲ್ಲಿ ನನ್ನ ತಪ್ಪೇನು?

ಪ್ಲೇಟನ್ನು ಅವನ ತಾಯಿಯ ಹಳೇ ಸೀರೆಯ ತುಂಡಿನಲ್ಲಿ ಸುತ್ತಿಕೊಂಡು ಎದ್ದು ಹೋದ. ನಾಳೆ ಬರುತ್ತೇನೆ ಅನ್ನಲಿಲ್ಲ.

೧೯ ಮಾರ್ಚ್

ಕ್ವಾರ್ಟರ್ಸಿನ ಕರೆಂಟು ಕಡಿದರು. ಇಡೀ ಲೈನು ಕತ್ತಲೆ. ಕಂದೀಲು ಹುಡುಕಿದೆವು. ಭೀಮಶ್ಯಾ ಮೂರು ದಿನದಿಂದ ಬಂದಿಲ್ಲ. ಗೇಟಿನಲ್ಲಿ ದೂರ ಕೂರುತ್ತಾನೆ.

೨೧ ಮಾರ್ಚ್

ಇವತ್ತಿನದನ್ನು ಬರೆಯಲು ಮನಸ್ಸಿಲ್ಲ, ಬರೆಯದಿದ್ದರೆ ನಿದ್ದೆ ಬರುವುದಿಲ್ಲ.

ಸಂಜೆ ಭೀಮಶ್ಯಾ ತಾನಾಗಿಯೇ ಬಂದ. ಒಂದು ಕೈಯಲ್ಲಿ ಪ್ಲೇಟು, ಇನ್ನೊಂದು ಕೈಯಲ್ಲಿ ಹೊಸ ಸೆಲ್ಲುಗಳ ಪೊಟ್ಟಣ.

"ಈಗ್ಯಾರೆ ಹಾಕು," ಅಂದ. "ಕರೆಂಟಿನ ನೆವ ಇಲ್ಲ."

ಒಳಗೊಳಗೆ ಖುಷಿಯಾಯಿತು, ತೋರಿಸಲಿಲ್ಲ. ಸೆಲ್ಲು ತುಂಬಿ, ಮುಳ್ಳು ಇಟ್ಟೆ.

ಹಾಡು ಶುರುವಾದ ಕೂಡಲೇ ಕೈ ಸುಟ್ಟವನ ಹಾಗೆ ಮುಳ್ಳು ಎತ್ತಿಬಿಟ್ಟೆ. ಮತ್ತೆ ಇಟ್ಟೆ. ಅದೇ ಹಾಡು, ಆದರೆ ಓಡುತ್ತಿದೆ. ಡ್ರಮ್ಮು ಕುಣಿಯುತ್ತಿದೆ. ಇಡೀ ವರ್ಷ ನನ್ನ ಕಟ್ಟೆಯ ಮೇಲೆ ಗಂಭೀರವಾಗಿ ಹಾಡಿದ ಆ ಗಂಡಸು ಎಲ್ಲೂ ಇಲ್ಲ. ಹಾಡುತ್ತಿರುವವಳು ಹೆಂಗಸು. ಪ್ರಾಯದ, ಗಟ್ಟಿ ಗಂಟಲಿನ ಹೆಂಗಸು.

"ಹೊಸ ಸೆಲ್ಲು ಭಾಳ ಜೋರ ಅದಾವ," ಅಂದೆ. "ಜೋರ ತಿರಗಸಾಕತ್ತಾವ. ಇದು ತಪ್ಪು."

ಆಗ ಬಾಗಿಲಲ್ಲಿ ನಿಂತಿದ್ದ ವಿಮಲಾಬಾಯಿ ಒಳಗೆ ಹೋದಳು. ಟ್ರಂಕು ತೆಗೆದ ಸಪ್ಪಳ ಕೇಳಿಸಿತು. ತನ್ನ ಸಿನಿಮಾ ಪ್ಲೇಟು ತಂದು ನನ್ನ ಮುಂದೆ ಹಿಡಿದಳು.

"ಈ ಹಾಡು ರೇಡಿಯೋದಾಗ ದಿನಾ ಕೇಳ್ತೀವಿ. ಇದನ್ನ ಹಾಕ್ರಿ. ಜೋರ ಓಡತದೋ, ಬರೋಬ್ಬರಿ ಅದನೋ, ಗೊತ್ತಾಗ್ತದ."

ಹಾಕಿದೆ. ರೇಡಿಯೋದಲ್ಲಿ ಕೇಳುವ ಹಾಗೆಯೇ ಇತ್ತು. ಒಂದು ಕೂದಲೆಳೆಯಷ್ಟೂ ಫರಕು ಇರಲಿಲ್ಲ.

ಸೆಲ್ಲಿನ ತಪ್ಪಲ್ಲ. ಎಲಿಮಿನೇಟರಿನದು. ಪೆಟ್ಟಿಗೆ ಬೇಡುವಷ್ಟು ಕರೆಂಟನ್ನು ನಾನು ಮಾಡಿದ ಆ ದರಿದ್ರ ವಸ್ತು ಒಂದು ದಿನವೂ ಕೊಟ್ಟಿಲ್ಲ, ಮೋಟರು ತೆವಳಿದೆ. ಫ್ಯಾಕ್ಟರಿಯ ಇಡೀ ಕರೆಂಟು ನೋಡಿಕೊಳ್ಳುವವನು ನಾನು! ಒಂದು ಸಲ ಮೀಟರು ಹಚ್ಚಿ ನೋಡಿದ್ದರೆ ಸಾಕಿತ್ತು. ಅವಳ ಪ್ಲೇಟನ್ನು ಹದಿಮೂರು ದಿನದ ಹಿಂದೆ ಹಾಕಿದ್ದರೂ ಸಾಕಿತ್ತು. ನಾಚಿಕೆಯಿಂದ ಕಿವಿ ಬಿಸಿಯಾದವು.

ಭೀಮಶ್ಯಾ ನಕ್ಕಿದ್ದರೆ ಚೆನ್ನಾಗಿತ್ತು. ನಗಲಿಲ್ಲ. "ಪೂರಾ ಕೇಳೂಣು," ಅಂದ. ಎರಡೂ ಬದಿ ಕೇಳಿದೆವು. ಮುಗಿದ ಮೇಲೆ ನಿಧಾನವಾಗಿ ಹೇಳಿದ: "ರಾಯಾ, ಈಗ ಒಪ್ತೀನಿ. ತಾಳ ನೋಡಿದ್ಯಾ ಹ್ಯಾಂಗ ಬದಲಾಗ್ತದ? ಏಳು ಬರ್ತದ, ಮತ್ತ ನಾಕು. ಮೊದಲು ತೆವಳತಿತ್ತು, ತಿಳೀತಿರಲಿಲ್ಲ. ಇದು ಖರೆವಂದ್ರೂ ಪ್ರೋಗ್ರೆಸಿವ್ ಅದ."

ನನಗೆ ಎಲ್ಲಿಲ್ಲದ ಸಿಟ್ಟು ಬಂತು. "ಅಲ್ಲ! ಇದಕ್ಕ ಕುಣೀಲಿಕ್ಕೆ ಬರ್ತದ. ಕುಣೀಲಿಕ್ಕೆ ಬಂದ್ರ ಪ್ರೋಗ್ರೆಸಿವ್ ಹ್ಯಾಂಗ ಆಗ್ತದ?"

ಆಗ ನಕ್ಕ. ವಿಮಲಾಬಾಯಿಯೂ ನಕ್ಕಳು. ಇಷ್ಟು ದಿನ ನಾನು ಹೇಳಿದ್ದನ್ನು ಅವನು ಹೇಳುತ್ತಿದ್ದಾನೆ, ಅವನು ಹೇಳಿದ್ದನ್ನು ನಾನು. ಆದರೂ ಈಗಲೂ ಸರಿ ನನ್ನದೇ.

೨೩ ಮಾರ್ಚ್

ಗೇಟಿನಲ್ಲಿ ಕೂತಾಗ ಭೀಮಶ್ಯಾ ಪಕ್ಕಕ್ಕೆ ಬಂದು ಕೂತ. ಮಾವ ಹೇಳಿದ್ದನ್ನು ಅವನಿಗೆ ಹೇಳಿಬಿಡಬೇಕೆಂದುಕೊಂಡೆ. ಹೇಳದೆ ಬಿಟ್ಟೆ. ಹೇಳಿದರೆ, ನೀ ಏನಂದಿ ಎಂದು ಕೇಳುತ್ತಾನೆ.

ಧೂಳಿಲ್ಲದೆ ಕಾಲೊನಿಯ ಬೇವಿನ ಗಿಡಗಳು ಹಸಿರಾಗಿವೆ. ಅವ್ವ ಹಪ್ಪಳ ಒಣಹಾಕಿದ್ದಾಳೆ, ಮೇಲೆ ಬಟ್ಟೆ ಮುಚ್ಚದೆ.

೨೭ ಮಾರ್ಚ್

ನಮ್ಮ ಮನೆಗೆ ಕರೆಂಟು ಬಂದಿದೆ. ನಮ್ಮ ಮನೆಗೆ ಮಾತ್ರ.

ಹೊತ್ತು ಮುಳುಗುವಾಗ ತಲೆಯ ಮೇಲೆ ಬಲ್ಬು ತಾನೇ ಹತ್ತಿತು. ಅವ್ವ ಕೈ ಮುಗಿದಳು. ಮುಷ್ಕರ ಮುಗಿಯಿತೆಂದು ನಾನು ಹೊರಗೆ ಓಡಿದೆ. ನೋಡಿದರೆ ಆಚೆ ಕತ್ತಲೆ, ಈಚೆ ಕತ್ತಲೆ, ನಡುವೆ ನಮ್ಮದೊಂದೇ ಕಿಟಕಿ ಉರಿಯುತ್ತಿದೆ. ಕಂಬದ ಮೇಲೆ ನಮ್ಮ ವೈರನ್ನಷ್ಟೇ ಬೇರೆ ಲೈನಿಗೆ ಹಚ್ಚಿಸಿದ್ದಾರೆ. ಹೀಗೆ ಹಚ್ಚುವುದನ್ನು ನನಗೆ ಕಲಿಸಿದವನೇ ಕಾಶಪ್ಪ ಮಾವ.

ನಾನು ಬೇಡಿರಲಿಲ್ಲ. ದೇವರಾಣೆ ಬೇಡಿರಲಿಲ್ಲ. ಆದರೆ ಯಾರು ನಂಬುತ್ತಾರೆ? ಎದುರು ಮನೆಯವರು ಹೊರಗೆ ಬಂದು ನೋಡಿ ಬಾಗಿಲು ಹಾಕಿಕೊಂಡರು. ಭೀಮಶ್ಯಾ ಪ್ಲೇಟು ಬಗಲಲ್ಲಿ ಇಟ್ಟುಕೊಂಡು ರಸ್ತೆಯ ತಿರುವಿನತನಕ ಬಂದಿದ್ದ. ಬೆಳಕನ್ನು ನೋಡಿದ, ನನ್ನನ್ನು ನೋಡಿದ, ಹಾಗೇ ತಿರುಗಿ ಹೋದ.

ಬಲ್ಬು ಆರಿಸಿ ಕೂತೆ. ಅವ್ವ ಎದ್ದು ಬಂದು ಮತ್ತೆ ಹಚ್ಚಿದಳು. "ಬಂದ ಲಕ್ಷ್ಮೀನ ಕಾಲಿಲೆ ಒದೀಬ್ಯಾಡ, ಹಣಮ್ಯಾ. ನಾಳಿ ಮಾವನ ಸಂಗಟ ಹೋಗಿ ಕೆಲಸಕ್ಕ ನಿಲ್ಲು."

ವಿಮಲಾಬಾಯಿಯನ್ನು ಕೇಳಿದೆ: ಏನು ಮಾಡಲಿ?

ಅವಳು ನನ್ನ ಮುಖವನ್ನೇ ನೋಡಿದಳು. "ನನಗ ಕೇಳಾಕತ್ತೀರೇನು?" ಅಂದಳು. ಆಮೇಲೆ ಹೇಳಿದಳು: "ನಾಳಿ ಹರ್ಯಾಗ ಎದ್ದು ನೀರಿಗಿ ಹೋಗ್ಬೇಕು ನಾ. ನಳದ ಹತ್ರ ಆ ಹೆಣ್ಮಕ್ಕಳ ಮಾರಿ ಹ್ಯಾಂಗ ನೋಡ್ಲಿ? ಕತ್ತಲ್ಯಾಗ ನಾವು ಛಲೋ ಇದ್ವಿರಿ."

೨೮ ಮಾರ್ಚ್

ಕಂಬ ಹತ್ತಿದೆ.

ಒಳಗಿನ ಫ್ಯೂಜು ಕಿತ್ತರೆ ಸಾಕಿತ್ತು. ಆದರೆ ಅದನ್ನು ಯಾರು ನೋಡುತ್ತಾರೆ? ಅದಕ್ಕೇ ಬೆಳಗ್ಗೆ, ಎಲ್ಲರೂ ನಳಕ್ಕೆ ಬರುವ ಹೊತ್ತಿಗೆ, ಏಣಿ ಹಚ್ಚಿ ಹತ್ತಿದೆ. ಕೆಳಗೆ ಅವ್ವ ಬೈಯುತ್ತಿದ್ದಳು. ತಾಮ್ರದ ತಂತಿ ಬಿಚ್ಚಿ, ಸುತ್ತಿ, ಕೆಳಗೆ ಒಗೆದೆ.

ಮಧ್ಯಾಹ್ನ ಮಾವ ಬಂದು ಒಳಗೆ ಕೂರಲೂ ಇಲ್ಲ. "ನನ್ನ ಮಾರಿಗಿ ಮಸಿ ಬಳದಿ," ಎಂದಷ್ಟೇ ಹೇಳಿ ಹೋದ. ಅವ್ವ ಮಾತು ಬಿಟ್ಟಿದ್ದಾಳೆ.

೩೦ ಮಾರ್ಚ್

ಗೇಟಿನ ಸಭೆಯಲ್ಲಿ ನನ್ನ ಮಾತು ಬಂತು. ಮುಷ್ಕರದ ಧಾನ್ಯ ಹಂಚುವವರ ಪೈಕಿ ನನ್ನ ಹೆಸರೂ ಇತ್ತು. ಯಾರೋ ಹಿಂದಿನಿಂದ ಕೂಗಿದರು: "ದೀಪಾ ಹಚ್ಕೊಂಡಾವ್ರಿಗಿ ಇಲ್ಲಿ ಏನ್ ಕೆಲಸ?" ಇನ್ನಿಬ್ಬರು ಹೌದು ಹೌದು ಅಂದರು. ಕಂಬ ಹತ್ತಿದ್ದು ನಾಟಕ, ಒಳಗೆ ಮಾವ ಇದ್ದಾನೆ, ಇಂದಲ್ಲ ನಾಳೆ ಹೋಗುವವನೇ ಎಂದರು. ಪ್ಲೇಟಿನ ವಿಷಯಕ್ಕೆ ತಾಸುಗಟ್ಟಲೆ ವಾದ ಮಾಡುವವನಿಗೆ ತನ್ನ ಪರವಾಗಿ ನಾಲ್ಕು ಮಾತು ಹೊಳೆಯಲಿಲ್ಲ.

ಹಾಜಿಮಲಂಗ್ ಕೈ ಎತ್ತಿ ಸುಮ್ಮನಾಗಿಸಿದರು. "ಈತನ್ನ ಹತ್ತಿರಿಂದ ಬಲ್ಲಾವ್ರು ಯಾರು? ಹೇಳ್ರಿ."

ಯಾರೂ ಏಳಲಿಲ್ಲ. ನಾನು ನೆಲ ನೋಡುತ್ತಿದ್ದೆ. ಆಮೇಲೆ ಭೀಮಶ್ಯಾನ ದನಿ ಕೇಳಿತು.

"ನಾ ಬಲ್ಲೆ. ಭಾಳ ಹಟಮಾರಿ ಮನಷಾ. ಒಂದು ವರ್ಷ ಹೆಂಗಸಿನ ಹಾಡು ಗಂಡಸಿಂದು ಅಂತ ನನಗ ಕೇಳ್ಸ್ಯಾನ. ತಪ್ಪು ಆತು ಅಂತ ಇನ್ನಾ ಬಾಯಿ ಬಿಟ್ಟು ಅಂದಿಲ್ಲ."

ಜನ ನಕ್ಕರು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

"ಮಾವ ಬಂದು ಏನಂದ ಅಂತ ನನಗೂ ಹೇಳಿಲ್ಲ. ಅದು ನನಗ ಬ್ಯಾನಿ ಆಗ್ಯದ. ಆದ್ರ ಇಂವ ಒಳಗ ಹೋಗಿದ್ರ ಮೊದಲ ದಿನಾನೇ ಭಟ್ಟಿ ಹತ್ತತಿತ್ತು. ನೋಡ್ರಿ ಚಿಮಣಿ. ಹೊಗಿ ಅದನೇನು? ಇಂವ ನಮ್ಮಾಂವ ಅಂತ ಬರಕೋರಿ."

ಎಲ್ಲರೂ ಚಿಮಣಿಯತ್ತ ತಿರುಗಿ ನೋಡಿದರು. ಹಾಜಿಮಲಂಗ್ ಮುಂದಿನ ಮಾತಿಗೆ ಹೋದರು.

ಸಭೆ ಮುಗಿದ ಮೇಲೆ ಅವನ ಹತ್ತಿರ ಹೋಗಿ, ತಪ್ಪಾಯಿತು ಎಂದೆ. ಮಾವನ ವಿಷಯಕ್ಕೋ, ಪ್ಲೇಟಿನ ವಿಷಯಕ್ಕೋ, ಅವನು ಕೇಳಲಿಲ್ಲ. "ಸಂಜೀಕ ಬಾ, ಮನ್ಯಾಗ ಕುಂತು ಕೇಳೂಣು," ಎಂದೂ ಹೇಳಿದೆ. ಅವ್ವ ಏನಾದರೂ ಅನ್ನಲಿ, ಒಳಗೇ ಕೂರಿಸುತ್ತೇನೆ ಎಂದು ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ.

"ನಾ ಬರಾಂಗಿಲ್ಲ," ಅಂದ. "ರವಿವಾರ ನೀ ಬಾ. ಪೆಟ್ಟಿಗಿ ತಗೊಂಡು ಬಾ."

೧ ಏಪ್ರಿಲ್, ರವಿವಾರ

ಹೋಗಿ ಬಂದೆ. ಭೀಮಶ್ಯಾನ ತಾಯಿ ತುಳಜಾಬಾಯಿ ಚಾಪೆ ಹಾಸಿದರು, ಚಹಾ ಕೊಟ್ಟರು, ಜೋಳದ ರೊಟ್ಟಿ ಪುಂಡಿ ಪಲ್ಯೆ ಕೊಟ್ಟರು. ಪುಂಡಿ ಪಲ್ಯೆ ಎಷ್ಟು ಚೆನ್ನಾಗಿತ್ತೆಂದರೆ ಎರಡನೇ ಸಲ ಕೇಳಿ ಹಾಕಿಸಿಕೊಂಡೆ. ಪ್ಲೇಟಿನ ಎರಡೂ ಬದಿ ಕೇಳಿದೆವು. ಅಕ್ಕಪಕ್ಕದವರು ಬಾಗಿಲಲ್ಲಿ ನಿಂತರು. ನಾನು ಕುಣಿಯಲು ಬರುವುದು ಪ್ರೋಗ್ರೆಸಿವ್ ಅಲ್ಲ ಎಂದೆ, ಅವನು ಏಳು ಎಣಿಸಿ ತೋರಿಸಿದ. ಏಳು ಇರುವುದು ಹೌದು. ಅಷ್ಟು ಒಪ್ಪಿದ್ದೇನೆ, ಉಳಿದದ್ದು ಮುಂದೆ ನೋಡೋಣ. ಮುಷ್ಕರ ಏನಾಗುತ್ತದೋ ಗೊತ್ತಿಲ್ಲ. ನಾಳೆ ಮಾತುಕತೆ ಅನ್ನುತ್ತಾರೆ.

ಒಂದು ಬಿಟ್ಟೆ. ಬಿಡಬೇಕೆಂದೇ ಬಿಟ್ಟಿದ್ದೆ, ಆದರೆ ಬರೆಯದೆ ದೀಪ ಆರಿಸಲು ಆಗುತ್ತಿಲ್ಲ.

ಹೋಗುವಾಗ, ಪೆಟ್ಟಿಗೆ ಹೆಗಲ ಮೇಲೆ ಹೊತ್ತು ಹಳಿ ದಾಟಿ ಬಸ್ತಿಗೆ ಕಾಲಿಟ್ಟ ಮೇಲೆ, ಎತ್ತ ಹೋಗಬೇಕೆಂದು ತಿಳಿಯಲಿಲ್ಲ. ಎರಡು ಓಣಿ ಸುತ್ತಿದೆ. ಸೇದುಬಾವಿಯ ಹತ್ತಿರ ಒಬ್ಬ ಮುದುಕಿ ಕೊಡ ತುಂಬುತ್ತಿದ್ದಳು. ಭೀಮಶ್ಯಾನ ಮನೆ ಎಲ್ಲಿ ಎಂದು ಕೇಳಿದೆ.

"ನೀವ್ಯಾರ್ರಿ?"

"ಅವನ ದೋಸ್ತ."

"ಹೊಸ ದೋಸ್ತೇನು?"

"ಇಲ್ಲ, ಆರು ವರ್ಷ ಆತು," ಎಂದೆ.

ಅವಳು ಕೊಡ ಕೆಳಗಿಟ್ಟು ನನ್ನನ್ನು ಮೇಲಿಂದ ಕೆಳತನಕ ನೋಡಿದಳು. ಸೆರಗಿನಿಂದ ಕೈ ಒರೆಸಿಕೊಂಡು, ಬರ್ರಿ ಎಂದು ಮುಂದೆ ನಡೆದು ದಾರಿ ತೋರಿಸಿದಳು. ನಾನು ತಲೆ ತಗ್ಗಿಸಿ ಅವಳ ಹಿಂದೆ ಹೋದೆ.